ಪಾಪುವಿನ ಸರದಿ

ದೊಡ್ಡಮ್ಮನನ್ನು ದೊಡ್ಡಮ್ಮ ಎಂದು ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಒಬ್ಬಳಿಗೇ, ಅವಳ ತಂಗಿಯ ಮಗಳಿಗೆ. ಉಳಿದವರೆಲ್ಲ ಅದನ್ನು ಪುಕ್ಕಟೆಯಾಗಿ ಹೊಡೆದುಕೊಂಡವರು. ರಜೆ ಸಿಕ್ಕಾಗಲೆಲ್ಲ ಓಡಿ ಬರುತ್ತಿದ್ದ ಆ ಹುಡುಗಿ ಮೆಟ್ಟಿಲ ಬುಡದಿಂದಲೇ "ದೊಡ್ಡಮ್ಮಾ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಮನೆಯಲ್ಲಿದ್ದವರಿಗೂ ಅದು ಅಂಟಿಕೊಂಡಿತು. ಕೊನೆಗೆ ಎದುರುಗಡೆಯ ದರ್ಜಿ, ಅವಳಿಗಿಂತ ಹತ್ತು ವರ್ಷ ದೊಡ್ಡವನು, ಅವನೂ ದೊಡ್ಡಮ್ಮ ಅನ್ನತೊಡಗಿದ.

ಅವಳ ಕೆಲಸ ಏನು ಅಂತ ಕೇಳಿದರೆ ಮಾತ್ರ ದರ್ಜಿ ತಲೆ ಕೆರೆದುಕೊಳ್ಳುತ್ತಿದ್ದ. "ಪಿಟೀಲು ಕುಯ್ಯೋರನ್ನ ಸಾಕ್ತಾರೆ" ಎನ್ನುತ್ತಿದ್ದ. ಅದು ಅಷ್ಟೇನೂ ತಪ್ಪಲ್ಲ. ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ, ದಪ್ಪ ದನಿಯ ವಯೋಲಾ ಒಂದು, ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಚೆಲ್ಲೋ ಒಂದು, ಇವು ನಾಲ್ಕು ಸೇರಿದರೆ ಕ್ವಾರ್ಟೆಟ್. ಮುಂದೆ ನಿಂತು ಕೋಲು ಆಡಿಸುವವರು ಯಾರೂ ಇಲ್ಲ. ನಾಲ್ವರೇ ಒಬ್ಬರ ಉಸಿರು ಒಬ್ಬರು ಹಿಡಿದು ನಡೆಯಬೇಕು. ಹೊಸದಾಗಿ ಕೂಡಿಕೊಂಡ ಇಂಥ ತಂಡಗಳಿಗೆ ಒಂದು ಸಂಗೀತ ಸಂಸ್ಥೆ ಕೆಲವು ತಿಂಗಳು ಊಟ, ವಸತಿ, ಅಭ್ಯಾಸಕ್ಕೆ ಹಜಾರ ಕೊಡುತ್ತಿತ್ತು. ಹಳೆಯ ಗೋದಾಮಿನ ಮೇಲಂತಸ್ತಿನ ಆ ಮನೆಯಲ್ಲಿ ಅವರ ಜೊತೆಗಿದ್ದು ತಿದ್ದಿ ತೀಡುವುದು ದೊಡ್ಡಮ್ಮನ ಪಾಲಿನ ಕೆಲಸ. ಒಂದು ಕಾಲದಲ್ಲಿ ಅವಳೇ ಒಳ್ಳೆ ತಂಡವೊಂದರಲ್ಲಿ ವಯೋಲಾ ನುಡಿಸುತ್ತಿದ್ದಳು. ಭುಜ ಕೈಕೊಟ್ಟ ಮೇಲೆ ಇಲ್ಲಿಗೆ ಬಂದವಳು ಇಲ್ಲೇ ಬೇರುಬಿಟ್ಟಳು.

ಪಾಠ ಹೇಳುವುದು ಅದರಲ್ಲಿ ಕಾಲುಭಾಗ, ಮಿಕ್ಕಿದ್ದೆಲ್ಲ ಸಂಸಾರ ತೂಗಿಸುವುದು. ಬಿಸಿನೀರೆಲ್ಲ ಖಾಲಿ ಮಾಡಿದ್ದು ಯಾರು, ಕಿಟಕಿ ತೆಗೆದರೆ ತಂತಿಯ ಶ್ರುತಿ ಇಳಿಯುತ್ತದೆ ಅನ್ನುವವರು ಯಾರು, ಮುಚ್ಚಿದರೆ ಉಸಿರು ಕಟ್ಟುತ್ತದೆ ಅನ್ನುವವರು ಯಾರು, ಎಲ್ಲ ಪಂಚಾಯಿತಿಯೂ ಅವಳ ಮುಂದೆಯೇ. "ಮದುವೆ ಆಗದೇನೇ ನಾಲ್ಕು ಜನ ಗಂಡಹೆಂಡ್ತಿ ಥರ ಕಚ್ಚಾಡೋದನ್ನ ನೋಡ್ಬೇಕು ಅಂದ್ರೆ ನಮ್ಮನೇಗೆ ಬನ್ನಿ" ಎನ್ನುತ್ತಿದ್ದಳು.

ಅವಳದೇ ಒಂದು ಪದ್ಧತಿ ಇತ್ತು. ತಂಡ ಒಂದಿಷ್ಟು ಪಳಗಿದ ಮೇಲೆ ಒಬ್ಬೊಬ್ಬರನ್ನೇ ಎಬ್ಬಿಸುವುದು. ಎದ್ದವರು ಬಂದು ಅವಳ ಪಕ್ಕದ ಬೆಂಚಿನ ಮೇಲೆ ಕೂರಬೇಕು, ಉಳಿದ ಮೂವರು ಅದೇ ಭಾಗವನ್ನು ನುಡಿಸಬೇಕು. ಮುಗಿದ ಮೇಲೆ ಪ್ರಶ್ನೆ ಒಂದೇ: "ಏನು ಕಮ್ಮಿ ಆಯ್ತು?" ತನ್ನಿಂದ ಈ ತಂಡಕ್ಕೆ ಬರುವುದೇನು ಅನ್ನುವುದು ಆಗ ತಾನಾಗಿ ಕಿವಿಗೆ ಬೀಳುತ್ತದೆ. ನಾನಿಲ್ಲದೆ ಏನೂ ನಡೆಯದು ಎಂದು ಬೀಗುತ್ತಿದ್ದವನು ತುಸು ಇಳಿಯುತ್ತಾನೆ, ಮೂಲೆಯಲ್ಲಿ ಮುದುಡಿ ಕೂತವಳಿಗೆ ಬೆನ್ನು ನೆಟ್ಟಗಾಗುತ್ತದೆ. ಎಷ್ಟೋ ತಂಡಗಳು ಒಡೆದುಹೋಗದೆ ಉಳಿದದ್ದು ಆ ಬೆಂಚಿನಿಂದ.

ಆ ವರ್ಷ ಆಯ್ಕೆಯಾಗಿ ಬಂದ ತಂಡದಲ್ಲಿ ಎರಡನೇ ಪಿಟೀಲಿನವಳು ಪಾಪು, ಅದೇ ತಂಗಿಯ ಮಗಳು. ಕತ್ತೆಯಷ್ಟು ಬೆಳೆದಿದ್ದರೂ ಮನೆಮಂದಿಗೆ ಪಾಪುವೇ. ಆಯ್ಕೆಯಲ್ಲಿ ದೊಡ್ಡಮ್ಮ ಮೂಗು ತೂರಿಸಿರಲಿಲ್ಲ. ಮೊದಲ ಪಿಟೀಲಿನ ಹುಡುಗ ಮಾತು, ನಡಿಗೆ, ಊಟ ಎಲ್ಲದರಲ್ಲೂ ಅವಸರದವನು, ಅವನ ಹೆಸರೇ ಅವಸರ ಎಂದಾಗಿತ್ತು. ಚೆಲ್ಲೋ ಹುಡುಗ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಅವನು ಕಂಬ. ವಯೋಲಾದ ಹುಡುಗಿ ಬಾಯಿ ಬಿಡುವುದೇ ಅಪರೂಪ. ವಸತಿಯ ಕೊನೆಗೆ ಅವರದೊಂದು ಕಛೇರಿ. ಅದನ್ನು ಕೇಳಲು ಬರುವವರು ಮೆಚ್ಚಿದರೆ ಊರೂರು ತಿರುಗುವ ಅವಕಾಶ, ತಂಡಕ್ಕೊಂದು ಬದುಕು. ಮೆಚ್ಚದಿದ್ದರೆ ನಾಲ್ವರೂ ನಾಲ್ಕು ದಿಕ್ಕು.

ಮೊದಲ ದಿನ ಮೊದಲ ಪುಟ ಮುಗಿಯುವುದರೊಳಗೆ ದೊಡ್ಡಮ್ಮನಿಗೆ ಗೊತ್ತಾಗಿಹೋಯಿತು. ಪಾಪು ತಡವಾಗಿ ಬರುತ್ತಿದ್ದಳು. ಸ್ವರ ಶುದ್ಧ, ಕಮಾನಿನ ಎಳೆತ ಸೊಗಸು. ಆದರೆ ಪ್ರತಿ ಸಲವೂ ಕೂದಲೆಳೆಯಷ್ಟು ತಡ. ಅವಳು ಮಿಕ್ಕವರ ಸ್ವರ ಕಿವಿಗೆ ಬಿದ್ದ ಮೇಲೆ ತನ್ನದನ್ನು ಸೇರಿಸುತ್ತಿದ್ದಳು. ಮೂವರೂ ತಮಗೇ ಗೊತ್ತಿಲ್ಲದೆ ಅವಳಿಗಾಗಿ ಕಾಯುತ್ತಿದ್ದರು, ರಸ್ತೆ ದಾಟುವಾಗ ಹಿಂದುಳಿದವರಿಗೆ ನಿಲ್ಲುವ ಹಾಗೆ. ಹಾಗೆ ನಿಂತು ನಿಂತು ಸಂಗೀತದ ಕಾಲು ಎಳೆಯುತ್ತಿತ್ತು.

ಇದನ್ನು ಕಲಿಸಿದವರು ಯಾರು? ಆ ಪುಟ್ಟ ಕೈಗೆ ಪಿಟೀಲು ಕೊಟ್ಟವಳು ದೊಡ್ಡಮ್ಮನೇ. "ಮೊದಲು ಕೇಳು, ಆಮೇಲೆ ನುಡಿಸು" ಎಂದು ಪ್ರತಿ ರಜೆಯಲ್ಲೂ ಹೇಳಿಕೊಟ್ಟವಳೂ ಅವಳೇ. ಹೇಳಿದ್ದು ಒಳ್ಳೆ ಮಾತೇ, ಎಲ್ಲ ಮಕ್ಕಳಿಗೂ ಹೇಳುತ್ತಿದ್ದದ್ದೇ. ಬೇರೆ ಮಕ್ಕಳು ಅದನ್ನು ಅರ್ಧಂಬರ್ಧ ಕೇಳಿ ಗಾಳಿಗೆ ತೂರಿದರು, ಬಚಾವಾದರು. ಪಾಪು ಮಾತ್ರ ಅಕ್ಷರಶಃ ಪಾಲಿಸಿದಳು. ದೊಡ್ಡಮ್ಮನ ಮಾತೆಂದರೆ ಅವಳಿಗೆ ಅಷ್ಟು.

ದೊಡ್ಡಮ್ಮ ಸುಮ್ಮನೆ ಕೂರಲಿಲ್ಲ. "ಕಾಯ್ಬೇಡ ಕಣೇ, ಅವರ ಜೊತೇಲೇ ಉಸಿರು ಎಳ್ಕೋ" ಎಂದಳು. ಕಣ್ಣು ಮುಚ್ಚಿ ನುಡಿಸು ಎಂದಳು, ಹಜಾರದ ತುಂಬ ನಡೆಯುತ್ತಾ ನುಡಿಸು ಎಂದಳು. ಒಂದು ಪುಟ ಸರಿಹೋಗುತ್ತಿತ್ತು. ಮಗ್ಗುಲ ಪುಟಕ್ಕೆ ಮತ್ತೆ ಅದೇ ರಾಗ. ವರ್ಷಗಟ್ಟಲೆ ಮೈಗೆ ಹತ್ತಿದ್ದು ವಾರಗಳಲ್ಲಿ ಬಿಟ್ಟುಹೋಗುತ್ತದೆಯೇ? ಈ ನಡುವೆ ತಂಗಿ ಫೋನು ಮಾಡಿ, "ನಿನ್ನ ಕಣ್ಣ ಮುಂದೇನೇ ಇದಾಳಲ್ಲಕ್ಕಾ, ನನಗಿನ್ನೇನು ಚಿಂತೆ" ಎನ್ನುವಳು. ದೊಡ್ಡಮ್ಮ ಹೂಂಗುಟ್ಟಿ ಫೋನಿಡುವಳು.

ಅವಸರ ಬೆಂಚಿಗೆ ಬಂದು ಹೋದ, ಕಂಬ ಬಂದು ಹೋದ, ವಯೋಲಾದ ಹುಡುಗಿಯೂ ಬಂದು ಹೋದಳು. ಪಾಪುವಿನ ಸರದಿ ಮಾತ್ರ ಬರಲಿಲ್ಲ. ಇವತ್ತು ಹೊತ್ತಾಯಿತು, ನಾಳೆ ನೋಡೋಣ, ಮೊದಲು ಈ ಭಾಗ ಹದಕ್ಕೆ ಬರಲಿ ಎಂದು ದೊಡ್ಡಮ್ಮ ನುಣುಚಿಕೊಂಡೇ ಬಂದಳು. ಸುಳ್ಳು ನೆಪ ಹೇಳುವುದರಲ್ಲಿ ಅವಳು ಎಂಥ ದಡ್ಡಿ ಅನ್ನುವುದು ಮಿಕ್ಕ ಮೂವರಿಗೆ ಬಲುಬೇಗ ತಿಳಿಯಿತು.

ಒಂದು ಮಧ್ಯಾಹ್ನ ಪಾಪು ಹೊಸ ತಂತಿ ತರಲು ಪೇಟೆಗೆ ಹೋದಾಗ ಮೂವರೂ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಮೇಡಂ" ಎಂದ ಅವಸರ.

ದೊಡ್ಡಮ್ಮನಿಗೆ ಅಲ್ಲೇ ಅರ್ಥವಾಯಿತು. ಬಂದಾಗಿನಿಂದ ದೊಡ್ಡಮ್ಮ ದೊಡ್ಡಮ್ಮ ಎಂದು ಟೀ ಮಾಡಿಸಿಕೊಂಡು ಕುಡಿದ ಹುಡುಗ ಇವತ್ತು ಮೇಡಂ ಅನ್ನುತ್ತಿದ್ದಾನೆ.

"ನಮಗೆ ಅವಳಂದ್ರೆ ಜೀವ. ಆದ್ರೆ ಹಿಂಗೇ ಕಛೇರಿಗೆ ಹೋದ್ರೆ ನಾವು ಮುಗಿದ್ವಿ. ಇನ್ನೊಬ್ಬ ಹುಡುಗಿ ಇದಾಳೆ, ಕರೆದ್ರೆ ಬರ್ತಾಳೆ."

"ಅವಳಿಗೆ ಹೇಳಿದ್ರಾ?"

ಕಂಬ ನೆಲ ನೋಡಿದ. "ನಮ್ಮ ಬಾಯಲ್ಲಿ ಬರ್ತಾ ಇಲ್ಲ. ನೀವು ಹೇಳಿದ್ರೆ ಕೇಳ್ತಾಳೆ. ನಿಮ್ಮ ಮಾತು ಅವಳು ಯಾವತ್ತೂ ಮೀರಿಲ್ಲ."

ಅದೇ ಆಗಿದ್ದಲ್ಲವೇ ಗ್ರಹಚಾರ! ಬೈದು ಅಟ್ಟೋಣವೆಂದರೆ ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಬೇರೆ ಯಾವ ಹುಡುಗಿಯಾಗಿದ್ದರೂ ದೊಡ್ಡಮ್ಮ ಇಷ್ಟು ಹೊತ್ತಿಗೆ ಪಕ್ಕಕ್ಕೆ ಕರೆದು, ಬೆನ್ನ ಮೇಲೆ ಕೈಯಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿರುತ್ತಿದ್ದಳು. ಎಷ್ಟು ಜನಕ್ಕೆ ಹೇಳಿರಲಿಲ್ಲ! ಈಗ ಮಾತ್ರ "ನೋಡೋಣ" ಎಂದಳು. ಮೂವರೂ ಸಪ್ಪೆ ಮೋರೆ ಹಾಕಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಅಭ್ಯಾಸಕ್ಕೆ ಕೂತಾಗ ಪಾಪು ತಾನೇ ಎದ್ದಳು. ಪಿಟೀಲನ್ನು ಕುರ್ಚಿಯ ಮೇಲೆ ಮಲಗಿಸಿ, "ಎಲ್ಲರದೂ ಆಯ್ತು. ನನ್ನ ಸರದಿ ಯಾಕೆ ಬಂದಿಲ್ಲ ದೊಡ್ಡಮ್ಮ?" ಎಂದು ನಗುತ್ತಲೇ ಕೇಳಿ ಬೆಂಚಿಗೆ ಬಂದು ಕೂತಳು. ಬೇಡ ಎನ್ನಲು ದೊಡ್ಡಮ್ಮನ ಬಳಿ ಒಂದೂ ನೆಪ ಉಳಿದಿರಲಿಲ್ಲ.

ಮೂವರು ಮುಖ ಮುಖ ನೋಡಿಕೊಂಡರು. ಆಮೇಲೆ ನುಡಿಸಿದರು.

ಪಾಪ, ಬೇಕೆಂದೇ ಕೆಡಿಸೋಣ ಎಂದು ಅವರಿಗೂ ಅನ್ನಿಸಿರಬೇಕು. ಮೊದಲ ಸಾಲು ಹಿಡಿದು ಹಿಡಿದು ನುಡಿಸಿದರು. ಆದರೆ ಸಂಗೀತ ಒಮ್ಮೆ ಓಡತೊಡಗಿದರೆ ಕೈ ಸುಮ್ಮನಿರುವುದಿಲ್ಲ. ಅವಸರ ಹಾರಿದ, ಚೆಲ್ಲೋ ಅವನ ಕೆಳಗೆ ಸರಿಯಾಗಿ ಬಂದು ನಿಂತಿತು, ವಯೋಲಾ ಬಾಯಿಬಿಟ್ಟು ಹಾಡಿತು. ಎಲ್ಲೂ ಕಾಲು ಎಳೆಯಲಿಲ್ಲ. ಇಷ್ಟು ದಿನದಲ್ಲಿ ಆ ಹಜಾರದಲ್ಲಿ ಅಷ್ಟು ಚೆಂದ ಕೇಳಿದ್ದಿಲ್ಲ. ದೊಡ್ಡಮ್ಮನ ಮೈ ಝುಮ್ಮೆಂದಿತು, ಝುಮ್ಮೆಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಪಕ್ಕಕ್ಕೆ ತಿರುಗಿ ನೋಡಲು ಧೈರ್ಯ ಸಾಲಲಿಲ್ಲ.

ಮುಗಿಯಿತು. ಕೇಳಬೇಕಾದ ಪ್ರಶ್ನೆಯನ್ನು ಅವಳು ಕೇಳಲೇ ಇಲ್ಲ. ಪಾಪು ತಾನಾಗಿಯೇ ಉತ್ತರ ಹೇಳಿದಳು.

"ನನ್ನ ಸಾಲು ಇಲ್ಲ ಅನ್ನೋದು ಗೊತ್ತಾಯ್ತು. ನಾನಿಲ್ಲ ಅನ್ನೋದು ಗೊತ್ತಾಗ್ಲಿಲ್ಲ."

ಎಂಥ ಕಿವಿ! ಅದನ್ನು ತಯಾರು ಮಾಡಿದ್ದೂ ದೊಡ್ಡಮ್ಮನೇ. ಸ್ವಲ್ಪ ಮಂದ ಕಿವಿಯವಳಾಗಿದ್ದರೆ ಹುಡುಗಿ ಏನೂ ತಿಳಿಯದೆ ನಗುತ್ತಾ ಎದ್ದುಹೋಗುತ್ತಿದ್ದಳು.

ಪಾಪು ಮೆಟ್ಟಿಲಿಳಿದು ಹಿತ್ತಿಲ ಕಡೆಗೆ ನಡೆದಳು. ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಕ್ಲಿಪ್ಪು ಒಂದೊಂದನ್ನೇ ತೆಗೆದು ಮತ್ತೆ ಸಿಕ್ಕಿಸುತ್ತಾ ನಿಂತಿದ್ದವಳ ಹಿಂದೆ ದೊಡ್ಡಮ್ಮ ಬಂದು ನಿಂತಳು.

"ಪಾಪು..."

"ನೀನು ಹೇಳ್ಬೇಡ ದೊಡ್ಡಮ್ಮ." ಹುಡುಗಿ ತಿರುಗಲಿಲ್ಲ. "ಅವರು ಹೇಳ್ಲಿ, ತಡ್ಕೋತೀನಿ. ಊರೆಲ್ಲ ಹೇಳ್ಲಿ. ನಿನ್ನ ಬಾಯಲ್ಲಿ ಬಂದ್ರೆ ಆಮೇಲೆ ನಾನು ನಿನ್ನ ಮನೆಗೆ ಯಾವ ಮುಖ ಇಟ್ಕೊಂಡು ಬರ್ಲಿ?"

ತಪ್ಪು ನಿನ್ನದಲ್ಲ, ನಾನು ಕಲಿಸಿದ್ದೇ ಹಾಗೆ ಎನ್ನಬೇಕೆಂದಿದ್ದಳು ದೊಡ್ಡಮ್ಮ. ಅದನ್ನು ಹೇಳಿದರೆ ತೀರ್ಪನ್ನೂ ಹೇಳಿದಂತೆಯೇ. ಅತ್ತ ಹುಡುಗಿಯನ್ನು ಉಳಿಸಿಕೊಳ್ಳಲಾರಳು, ಇತ್ತ ಬಿಟ್ಟುಕೊಡಲಾರಳು.

ಸ್ವಲ್ಪ ಹೊತ್ತಾದ ಮೇಲೆ ಪಾಪು ಮುಖ ತೊಳೆದುಕೊಂಡು ಒಳಗೆ ಹೋದಳು. "ನನ್ನ ಜಾಗಕ್ಕೆ ಬೇರೆ ಯಾರನ್ನಾದ್ರೂ ಕರೆಸ್ಕೊಳ್ಳಿ. ಕಛೇರಿಗೆ ಇನ್ನೂ ಟೈಮಿದೆ, ಬಂದವರು ಕಲೀತಾರೆ. ನನ್ನ ಭಾಗದ ಗುರುತೆಲ್ಲ ನಾನೇ ಬರೆದುಕೊಡ್ತೀನಿ" ಎಂದಳು. ವಯೋಲಾದ ಹುಡುಗಿ ಗಳಗಳನೆ ಅತ್ತುಬಿಟ್ಟಳು. ಅವಸರ ಏನೋ ಹೇಳಲು ಹೋಗಿ ತೊದಲಿದ. "ಸಾಕು ಬಿಡೋ, ಇವತ್ತಾದ್ರೂ ನಿಧಾನಕ್ಕೆ ಮಾತಾಡು" ಎಂದು ಪಾಪುವೇ ಅವನನ್ನು ನಗಿಸಿದಳು. "ಇನ್ನೊಂದು ಸಲ ನಾಲ್ಕೂ ಜನ ನುಡಿಸೋಣ. ಆಮೇಲೆ ಹೊರಡ್ತೀನಿ."

ನುಡಿಸಿದರು. ಕಥೆಗಳಲ್ಲಾಗಿದ್ದರೆ ಅವತ್ತು ಅವಳು ಎಂದೂ ಇಲ್ಲದ ಹಾಗೆ ನುಡಿಸಿಬಿಡಬೇಕಿತ್ತು. ಹಾಗೇನೂ ಆಗಲಿಲ್ಲ. ಪ್ರತಿ ಸಲವೂ ಕೂದಲೆಳೆಯಷ್ಟು ತಡ, ಎಂದಿನಂತೆ. ಮೂವರೂ ಕಾದರು, ಎಂದಿಗಿಂತ ಹೆಚ್ಚಾಗಿ ಕಾದರು.

ಕೊನೆಯ ಸ್ವರ ಮುಗಿದಾಗ ಪಾಪು ಕಮಾನು ಇಳಿಸಿ ದೊಡ್ಡಮ್ಮನ ಕಡೆ ನೋಡಿದಳು. ಪಾಠ ಒಪ್ಪಿಸಿ ನಿಂತ ಮಗು ನೋಡುವ ಹಾಗೆ.

"ಚೆನ್ನಾಗಿತ್ತು" ಎಂದಳು ದೊಡ್ಡಮ್ಮ.

ಅದುವರೆಗೆ ಆ ಹಜಾರದಲ್ಲಿ ಯಾರ ವಾದನದ ಬಗ್ಗೆಯೂ ಅವಳು ಸುಳ್ಳು ಹೇಳಿದವಳಲ್ಲ. ಪಾಪು ಅದನ್ನು ಕೇಳಿಸಿಕೊಂಡಳು. ಆ ಕಿವಿಗೆ ತಿಳಿಯದೆ ಇರುತ್ತದೆಯೇ? ಸರಿ ಎನ್ನುವಂತೆ ತಲೆಯಾಡಿಸಿ, ಪಿಟೀಲನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿದಳು.