ಗಂಗಕ್ಕ ಬೇಲೂರು ನೋಡಲು ಹೊರಟಿದ್ದು

ಬೆಳಿಗ್ಗೆ ಏಳೂವರೆಯ ಬಸ್ಸಿಗೆಂದು ನಾವು ಮೂವರು ಅರಸೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಸೇರಿದಾಗ ಗಂಗಕ್ಕನ ಎರಡು ಕೈಯಲ್ಲಿ ಎರಡು ಚೀಲ, ಹೆಗಲಿಗೆ ಇನ್ನೊಂದು. ಒಂದರಲ್ಲಿ ಪುಳಿಯೋಗರೆ, ಮೊಸರನ್ನದ ಡಬ್ಬಿಗಳು. ಇನ್ನೊಂದರಲ್ಲಿ ಚಪಾತಿ, ಹುರುಳಿಕಾಯಿ ಪಲ್ಯ. ಹೆಗಲಿನದರಲ್ಲಿ ತಟ್ಟೆ, ಲೋಟ, ನೀರು. ಎಷ್ಟು ಗಂಟೆಗೆ ಎದ್ದಿರಿ ಎಂದು ಕೇಳಿದೆ. "ನಾಲ್ಕಕ್ಕೆ. ಹೇಗೂ ನಿದ್ದೆ ಬರಲ್ಲ ಬಿಡು" ಎಂದರು. ನನಗೆ ಅಲ್ಲೇ ಸಿಟ್ಟು ಬಂತು. ಪ್ರವಾಸ ಹೊರಟವರು ಅಡುಗೆಮನೆಯನ್ನೂ ಹೊತ್ತು ಹೊರಡುವುದೇ?

ಯಾರು ಈ ಗಂಗಕ್ಕ ಎಂದು ಹೇಳಿಬಿಡುತ್ತೇನೆ. ಹೆಸರು ಶಿವಗಂಗಮ್ಮ, ವಯಸ್ಸು ಎಪ್ಪತ್ತೆರಡು. ಕೊಬ್ಬರಿ ವ್ಯಾಪಾರದ ಮನೆ, ತುಂಬಿದ ಸಂಸಾರ, ಮಗ ಸೊಸೆ ಮೊಮ್ಮಕ್ಕಳೆಲ್ಲ ಜೊತೆಯಲ್ಲೇ. ಅರಸೀಕೆರೆಗೆ ಸೊಸೆಯಾಗಿ ಬಂದು ನಲವತ್ತೇಳು ವರ್ಷ. ಇಷ್ಟು ವರ್ಷದಲ್ಲಿ ಅವರು ಬೇಲೂರನ್ನೂ ನೋಡಿಲ್ಲ, ಹಳೇಬೀಡನ್ನೂ ನೋಡಿಲ್ಲ. ಇದು ಗೊತ್ತಾದ ದಿನ ನನಗೆ ನಂಬಲಾಗಲಿಲ್ಲ. ಹಳೇಬೀಡು ನಮ್ಮೂರಿಂದ ನಲವತ್ತು ಚಿಲ್ಲರೆ ಕಿಲೋಮೀಟರು, ಅಲ್ಲಿಂದ ಬೇಲೂರು ಇನ್ನು ಹದಿನಾರು. ದೂರದ ದೇಶದವರು ವಿಮಾನ ಹತ್ತಿ ಬಂದು ನೋಡಿ ಹೋಗುತ್ತಾರೆ.

ಕಾರಣ ನಮ್ಮೂರಿನ ರೈಲ್ವೆ ಸ್ಟೇಷನ್ನು. ಅರಸೀಕೆರೆ ಜಂಕ್ಷನ್ ಆದ್ದರಿಂದ ಬೇಲೂರು ನೋಡಬೇಕೆಂದ ಪ್ರತಿಯೊಬ್ಬ ನೆಂಟನೂ ಇಲ್ಲಿ ಇಳಿಯುತ್ತಾನೆ, ಗಂಗಕ್ಕನ ಮನೆಯಲ್ಲಿ ಸ್ನಾನ ಮಾಡುತ್ತಾನೆ, ತಿಂಡಿ ತಿಂದು ಬುತ್ತಿ ಕಟ್ಟಿಸಿಕೊಂಡು ಹೊರಡುತ್ತಾನೆ. ಸಂಜೆ ಬಂದವರಿಗೆ ಬಿಸಿನೀರು, ಕಾಫಿ, ರಾತ್ರಿ ಊಟ. ಮನೆಯವರೆಲ್ಲ ನೆಂಟರ ಜೊತೆ ಒಂದೊಂದು ಸಲ ಹೋಗಿ ಬಂದರು. ಗಂಗಕ್ಕ ಹೋದರೆ ಅತ್ತೆಯನ್ನು ಯಾರು ನೋಡುವುದು, ಮಗುವನ್ನು ಯಾರು ನೋಡುವುದು, ಸಂಜೆಗೆ ಸಾರು ಯಾರು ಇಡುವುದು? "ನೀನು ಆಮೇಲೆ ಹೋದರಾಯ್ತು" ಎನ್ನುತ್ತಲೇ ಬಂದರು. ಯಾರೂ ಕೆಟ್ಟವರಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು.

ನಾನು ತಾಲ್ಲೂಕು ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ಮದುವೆಯಾಗಲಿಲ್ಲ. ಮೂರನೆಯವರು ಪುಟ್ಟತಾಯಮ್ಮ, ಗಂಡಸಿ ಊರಿನ ಕಡೆಯವರು, ಮಗಳ ಬಾಣಂತನಕ್ಕೆಂದು ಅರಸೀಕೆರೆಗೆ ಬಂದು ಇಲ್ಲೇ ಉಳಿದವರು. ನಾವು ಮೂವರೂ ಸಕ್ಕರೆ ಕಾಯಿಲೆಗೆ ನಡೆಯಬೇಕೆಂದು ಡಾಕ್ಟರು ಹೇಳಿದ್ದಕ್ಕೆ ಸಂಜೆ ಶಿವಾಲಯದ ಆವರಣಕ್ಕೆ ಬರುತ್ತಿದ್ದೆವು. ಅಲ್ಲಿ ನೆರಳಿರುವುದು ಒಂದೇ ಕಲ್ಲುಬೆಂಚಿಗೆ. ಅದರ ಮೇಲೆ ಯಾರು ಕೂರಬೇಕೆಂಬ ಜಗಳದಿಂದ ನಮ್ಮ ಪರಿಚಯವಾಯಿತು. ಈಗ ನಾಲ್ಕು ವರ್ಷವಾಗಿದೆ. ಒಬ್ಬರು ಬಾರದಿದ್ದರೆ ಉಳಿದಿಬ್ಬರು ಮನೆಗೆ ಹೋಗಿ ವಿಚಾರಿಸುತ್ತೇವೆ. ಅರವತ್ತು ದಾಟಿದ ಮೇಲೆ ಗೆಳತಿಯರು ಸಿಗುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಗಂಗಕ್ಕನನ್ನು ಕೂರಿಸಿದೆವು. ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ಆಧಾರ್ ತೋರಿಸಿ ಸೊನ್ನೆ ಬರೆದ ಚೀಟಿ ತೆಗೆದುಕೊಂಡೆವು. ಹಿಂದಿನ ಸೀಟಿನಲ್ಲಿ ಬಿಳಿ ಶರಟಿನ ನಲವತ್ತರ ಗಂಡಸೊಬ್ಬ ಎಲ್ಲರಿಗೂ ಕೇಳುವಂತೆ, "ಫ್ರೀ ಬಿಟ್ಟಿದ್ದೇ ಬಿಟ್ಟಿದ್ದು, ಮುದುಕೀರೆಲ್ಲ ಟೂರ್ ಹೊರಟವ್ರೆ. ಮನೇಲಿ ಅಡುಗೆ ಮಾಡೋರೇ ಇಲ್ಲ" ಎಂದ.

ನಾನು ತಿರುಗಿ ಕೇಳಿದೆ, "ನಿಮ್ಮ ಮನೇಲಿ ಈವತ್ತು ಅಡುಗೆ ಯಾರ್ರೀ ಮಾಡ್ತಿರೋದು?"

"ನಮ್ಮ ತಾಯಿ."

"ಅವರನ್ನೂ ಕರ್ಕೊಂಡು ಬಂದಿದ್ರೆ ನಾನೇ ಸೀಟು ಹಿಡಿದಿಡ್ತಿದ್ದೆ."

ಬಸ್ಸಿನ ಹೆಂಗಸರು ನಕ್ಕರು. ಅವನು ಜಾವಗಲ್ಲಿನಲ್ಲಿ ಇಳಿಯುವವರೆಗೂ ಮೊಬೈಲು ನೋಡುತ್ತ ಕೂತ. ಗಂಗಕ್ಕ ಮಾತ್ರ, "ಯಾಕೆ ಸರೋಜಾ, ಪಾಪ, ಏನೋ ಅಂದ" ಎಂದು ನನ್ನ ಮೊಣಕೈ ಚಿವುಟಿದರು. ಅವರಿಗೆ ಎಲ್ಲರೂ ಪಾಪವೇ.

ಬೇಲೂರು ತಲುಪಿದಾಗ ಹತ್ತು ಗಂಟೆ. ಫೆಬ್ರವರಿಯ ಕೊನೆ, ಆಗಲೇ ಬಿಸಿಲು ಚುರುಕಾಗಿತ್ತು. ಸ್ಟ್ಯಾಂಡಿನ ಹತ್ತಿರ ಕಾಫಿ ಕುಡಿದು ಗೋಪುರದವರೆಗೆ ನಡೆದೆವು. ಗಂಗಕ್ಕ ದಾರಿಯುದ್ದಕ್ಕೂ ಕತ್ತೆತ್ತಿ ಗೋಪುರವನ್ನೇ ನೋಡುತ್ತಿದ್ದರು. ಬಾಗಿಲ ಹತ್ತಿರ ಬಂದಾಗ ನೆರಳಿದ್ದ ಒಂದು ಕಟ್ಟೆಯ ಮೇಲೆ ಚೀಲಗಳನ್ನಿಟ್ಟು, "ಇಷ್ಟನ್ನೂ ಹೊತ್ಕೊಂಡು ಒಳಗೆ ಯಾಕೆ? ಮೊದಲು ನೀವಿಬ್ಬರೂ ನೋಡ್ಕೊಂಡು ಬನ್ನಿ. ನಾನು ಆಮೇಲೆ ಹೋಗ್ತೀನಿ" ಎಂದರು.

ಸರಿ ಎಂದೆ. ಯಾರನ್ನೋ ಏಕೆ ದೂರಲಿ, ಸರಿ ಎಂದವಳು ನಾನು. ನನ್ನ ವ್ಯಾನಿಟಿ ಬ್ಯಾಗು, ಛತ್ರಿ, ನೀರಿನ ಬಾಟಲಿ ಎಲ್ಲವನ್ನೂ ಅವರ ಮಡಿಲಿಗೆ ಹಾಕಿ ಕೈ ಬೀಸಿಕೊಂಡು ಒಳಗೆ ಹೋದೆ.

ಬೇಲೂರಿನ ಶಿಲ್ಪಗಳನ್ನು ವರ್ಣಿಸುವವರು ಬೇಕಾದಷ್ಟು ಜನರಿದ್ದಾರೆ, ನಾನು ಅದಕ್ಕೆ ಕೈ ಹಾಕುವುದಿಲ್ಲ. ಗುಂಪೊಂದಕ್ಕೆ ವಿವರಿಸುತ್ತಿದ್ದ ಗೈಡಿನ ಹಿಂದೆ ಬಿಟ್ಟಿಯಾಗಿ ಸುತ್ತಿದೆವು, ದೇವರ ದರ್ಶನ ಮಾಡಿದೆವು, ಕಂಬಗಳ ನೆರಳಿನಲ್ಲಿ ತಂಪಾಗಿ ಕೂತೆವು. ಹೊರಗೆ ಬಂದಾಗ ಹನ್ನೆರಡೂವರೆ ದಾಟಿತ್ತು.

ಗಂಗಕ್ಕ ಅದೇ ಕಟ್ಟೆಯ ಮೇಲಿದ್ದರು. ನೆರಳು ಸರಿದು ಮೈಮೇಲೆ ಬಿಸಿಲು ಬಿದ್ದಿತ್ತು. ಅವರ ಮುಂದೆ ಹತ್ತೊಂಬತ್ತು ಜೊತೆ ಚಪ್ಪಲಿ, ಶೂ ಸಾಲಾಗಿ ನಿಂತಿದ್ದವು. ಯಾರೋ ಒಬ್ಬಳು ಹುಡುಗಿ "ಅಜ್ಜಿ, ಸ್ವಲ್ಪ ನೋಡ್ಕೊಳ್ಳಿ" ಎಂದು ಬಿಟ್ಟು ಹೋದಳಂತೆ. ಅದನ್ನು ಕಂಡು ಇನ್ನೊಬ್ಬರು ಬಿಟ್ಟರು, ಮತ್ತೊಬ್ಬರು ಬಿಟ್ಟರು. ಒಬ್ಬ ಮಹಾನುಭಾವ ಹತ್ತು ರೂಪಾಯಿ ಕೊಡಲು ಬಂದನಂತೆ.

ನನ್ನ ಮೈಯೆಲ್ಲ ಉರಿಯಿತು. "ಚಪ್ಪಲಿ ಬಿಡೋಕೆ ಬೇರೆ ಜಾಗ ಇದೆಯಲ್ಲ! ನೀವೇನು ಚಪ್ಪಲಿ ಕಾಯೋರಾ?" ಎಂದು ಕೂಗಿದೆ.

"ಕೂತೇ ಇದ್ದೆನಲ್ಲ ಸರೋಜಾ. ಕೇಳಿದ್ರು, ಇಲ್ಲ ಅನ್ನೋಕಾಗುತ್ತಾ?"

ಅಷ್ಟರಲ್ಲಿ ಅವರಿಗೆ ಫೋನು ಬಂತು. ಮಗ ಮಲ್ಲೇಶ. ಫೋನು ಸ್ಪೀಕರಿನಲ್ಲಿದ್ದುದರಿಂದ ನಮಗೂ ಕೇಳಿಸಿತು. ಅವನ ಹೆಂಡತಿಯ ಚಿಕ್ಕಪ್ಪನ ಮನೆಯವರು ಸಂಜೆಯ ರೈಲಿಗೆ ಬರುತ್ತಾರಂತೆ, ಒಟ್ಟು ಆರು ಜನ. "ನಾಳೆ ಬೇಲೂರು ಹಳೇಬೀಡು ನೋಡ್ಬೇಕಂತೆ ಅಮ್ಮ. ನೀನು ನಾಲ್ಕು ಗಂಟೆಗೆಲ್ಲ ಬಂದುಬಿಡು, ಬುತ್ತಿಗೆ ಪುಳಿಯೋಗರೆ ಗೊಜ್ಜು ಮಾಡ್ಬೇಕು. ನಿನ್ನ ಕೈದೇ ಚೆನ್ನಾಗಿರುತ್ತೆ."

ಬೇಲೂರಿನ ಬಾಗಿಲಲ್ಲಿ ಎರಡು ಗಂಟೆ ಕೂತು ಬೇಲೂರು ನೋಡದ ಹೆಂಗಸಿಗೆ, ಬೇಲೂರು ನೋಡುವವರ ಬುತ್ತಿ ಕಟ್ಟಲು ಮನೆಗೆ ಬಾ ಎಂಬ ಕರೆ! ಇದಕ್ಕೆ ಅಳಬೇಕೋ ನಗಬೇಕೋ ತಿಳಿಯದೆ ನಿಂತೆ. ಗಂಗಕ್ಕ ಎದ್ದು ಸೆರಗು ಕೊಡವಿ, "ಹೊರಡೋಣ. ಒಂದೂವರೆಗೆ ಬಸ್ಸಿದೆಯಂತೆ" ಎಂದರು.

"ಒಳಗೆ ಹೋಗಲ್ವಾ?"

"ಇನ್ನೇನು ದೇವರ ಬಾಗಿಲು ಹಾಕೋ ಹೊತ್ತು. ಬಿಡು."

"ನೀವು ಹೀಗೆ ಬಿಡು ಬಿಡು ಅಂದೇ ಈ ಗತಿ ಬಂದಿರೋದು" ಎಂದು ನಾನು ಭಾಷಣ ಶುರು ಮಾಡಿದೆ. ಮಗನನ್ನು ಬೈದೆ, ಸೊಸೆಯನ್ನು ಬೈದೆ, ತೀರಿಹೋದ ಅತ್ತೆಯನ್ನೂ ಬಿಡಲಿಲ್ಲ. ಗಂಗಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ನನ್ನ ವ್ಯಾನಿಟಿ ಬ್ಯಾಗು, ಛತ್ರಿ, ಬಾಟಲಿ ಒಂದೊಂದಾಗಿ ನನ್ನ ಕೈಗೆ ಕೊಟ್ಟರು.

"ನಮ್ಮ ಮನೆಯೋರನ್ನ ಬೈತೀಯಲ್ಲ, ಇವನ್ನ ನನ್ನ ಮಡಿಲಿಗೆ ಹಾಕಿದ್ದು ಯಾರು? ಅವರಂತೂ ಕರೆಯಲಿಲ್ಲ. ನೀವಾದ್ರೂ ಕರೀತೀರಿ ಅಂತ ಕಾದೆ. ಅರ್ಧ ಗಂಟೆಗೆ ಬರ್ತೀರಿ, ಒಂದು ಗಂಟೆಗೆ ಬರ್ತೀರಿ ಅಂತ ಬಾಗಿಲೇ ನೋಡ್ತಾ ಕೂತಿದ್ದೆ."

ಅವರು ದನಿ ಎತ್ತಿದ್ದನ್ನು ನಾಲ್ಕು ವರ್ಷದಲ್ಲಿ ನಾನು ಕಂಡಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಕಚೇರಿಯಲ್ಲಿ ಎಷ್ಟು ಜನರನ್ನು ಆಡಿಕೊಂಡಿದ್ದೆನೋ, ಆ ಮಾತು ನನ್ನ ನೆತ್ತಿಗೇ ಬಂದು ಬಿತ್ತು. ಹೊರಗಿನವರು ಚಪ್ಪಲಿ ಬಿಟ್ಟರೆ, ಗೆಳತಿ ಎನಿಸಿಕೊಂಡ ನಾನು ಛತ್ರಿ ಬಿಟ್ಟೆ. ನಮ್ಮ ಕಲ್ಲುಬೆಂಚಿಗೂ ಅವರ ಮನೆಯ ಅಡುಗೆಕಟ್ಟೆಗೂ ಏನು ವ್ಯತ್ಯಾಸ ಉಳಿಯಿತು?

ಚಪ್ಪಲಿಯವರೆಲ್ಲ ಬಂದು ತೆಗೆದುಕೊಂಡ ಮೇಲೆಯೇ ಕಟ್ಟೆ ಬಿಟ್ಟ ಗಂಗಕ್ಕ, ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರು. ಊಟದ ಚೀಲ ಬಿಚ್ಚಲಿಲ್ಲ. ಅವರ ಕಣ್ಣು ತುಂಬಿತ್ತು. ನಾಳೆ ಸಂಜೆಯಿಂದ ಇವರು ಶಿವಾಲಯಕ್ಕೆ ಬರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಭಯವೂ ಆಯಿತು. ಸಂಜೆಗಳನ್ನು ಒಬ್ಬಳೇ ಕಳೆಯುವುದು ಹೇಗೆಂದು ನನಗೆ ಮರೆತೇಹೋಗಿದೆ.

ಹಳೇಬೀಡು ಬಂತು. ಜನ ಇಳಿಯುತ್ತಿದ್ದರು. ಇದುವರೆಗೆ ಬಾಯಿ ಬಿಡದಿದ್ದ ಪುಟ್ಟತಾಯಮ್ಮ ಎದ್ದು ಗಂಗಕ್ಕನ ಕಾಲ ಬಳಿಯಿದ್ದ ಎರಡೂ ಚೀಲಗಳನ್ನು ಎತ್ತಿಕೊಂಡು ಸರಸರನೆ ಬಸ್ಸಿಳಿದುಬಿಟ್ಟರು.

"ಏ ಪುಟ್ಟತಾಯಿ, ನನ್ನ ಡಬ್ಬಿ!" ಎಂದು ಗಂಗಕ್ಕ ಹಿಂದೆಯೇ ಇಳಿದರು. ಅವರ ಹಿಂದೆ ನಾನು. ಬಸ್ಸು ಹೊರಟುಹೋಯಿತು.

"ಏನಿದು ನಿನ್ನ ಹುಡುಗಾಟ?"

"ಬೈಯ್ಯಕ್ಕ, ಎಷ್ಟಾದ್ರೂ ಬೈಯಿ" ಎಂದರು ಪುಟ್ಟತಾಯಮ್ಮ. "ಬೇಲೂರ್ನಲ್ಲಿ ನಾನೂ ಬಾಯ್ಮುಚ್ಕೊಂಡು ಒಳೀಕೆ ಹೋದೋಳೇ. ತಪ್ಪಾಗೈತೆ. ಆದ್ರೆ ಇಲ್ಲಿ ನಮ್ಮಪ್ಪ ಶಿವ ಅವ್ನೆ, ಬಾಗ್ಲಿಗೆ ಬಂದು ನೋಡ್ದೆ ಹೋದ್ರೆ ಚೆಂದಾಗಿರಕಿಲ್ಲ. ಮಲ್ಲೇಸಪ್ಪನ ನೆಂಟ್ರು ಒಂದಿನ ಹೋಟ್ಲಾಗೆ ತಿಂದ್ರೆ ಸಾಯಕಿಲ್ಲ. ನಡಿ."

ದೇವಸ್ಥಾನದ ಹೊರಗೆ ಮರದಡಿ ನಾನೇ ಚೀಲಗಳನ್ನು ಕಿತ್ತುಕೊಂಡು ಕೂತೆ. "ನೀವಿಬ್ಬರೂ ಹೋಗಿ. ನಾನು ಕದಲೋದಿಲ್ಲ" ಎಂದೆ. ಗಂಗಕ್ಕ ನನ್ನ ಮುಖವನ್ನೂ ನೋಡದೆ ಹೋದರು.

ಕಾಯುವುದೆಂದರೇನೆಂದು ಅಂದು ತಿಳಿಯಿತು. ಮೊದಲ ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಕಾಲು ಜೋಮು ಹಿಡಿಯಿತು, ಹಸಿವಾಯಿತು. ಒಳಗೆ ಹೋಗಿ ಬಂದವರು ನಗುತ್ತ ಎಳನೀರು ಕುಡಿಯುವುದನ್ನು ನೋಡಿದರೆ ಕಾರಣವಿಲ್ಲದೆ ಕೋಪ ಬಂತು. ನಡುವೆ ಗಂಗಕ್ಕನ ಫೋನು ಚೀಲದೊಳಗೆ ಬಡಿದುಕೊಂಡಿತು. ಎತ್ತಿ, ಅಮ್ಮ ಹಳೇಬೀಡಿನ ಗುಡಿಯೊಳಗಿದ್ದಾರೆ ಎಂದೆ.

"ಆಂಟಿ, ಅಮ್ಮನಿಗೆ ಮೊಣಕಾಲು ನೋವು, ಬಿಸಿಲಲ್ಲಿ ಸುತ್ತಿಸ್ಬೇಡಿ" ಎಂದ ಮಲ್ಲೇಶ.

"ಮೊಣಕಾಲು ನೋವಿರೋರಿಗೆ ಆರು ಜನರ ಬುತ್ತಿ ಕಟ್ಟೋಕೆ ಹೇಳ್ತೀಯಲ್ಲಪ್ಪ, ಅದೇನು ಮಲಗಿಕೊಂಡು ಮಾಡೋ ಅಡುಗೆನಾ?"

"ಅಮ್ಮ ಒಂದು ದಿನವೂ ನೋಡ್ಬೇಕು ಅಂತ ಹೇಳಿಲ್ಲ ಆಂಟಿ" ಎಂದ. ಅದು ಸುಳ್ಳಲ್ಲ. ನನಗೂ ಹೇಳಿರಲಿಲ್ಲ. ನಾನೇ ಕೇಳಿದ ಮೇಲೆ ಹೇಳಿದ್ದು.

ಮುಕ್ಕಾಲು ಗಂಟೆಯಾಗಿರಬೇಕು. ಗಂಗಕ್ಕ ಒಬ್ಬರೇ ಬರಿಗಾಲಿನಲ್ಲಿ ಬಿಸಿ ಕಲ್ಲಿನ ಮೇಲೆ ಕುಂಟುತ್ತ ಬಂದರು. ಮುಖ ಕೆಂಪಾಗಿತ್ತು.

"ಏಳು, ಒಳಗೆ ಬಾ."

"ಚೀಲ?"

"ಅಲ್ಲೇ ಬಿಡು. ಬೇಕಾದೋರು ತಿನ್ನಲಿ. ಏಳೇ ಅಂದ್ರೆ!"

ಎದ್ದೆ. ಅವರು ನನ್ನ ಕೈ ಹಿಡಿದು ದೇವಸ್ಥಾನದ ಗೋಡೆಯ ಕೆಳಸಾಲಿಗೆ ಕರೆದುಕೊಂಡು ಹೋದರು. ಬೆಳಿಗ್ಗೆ ಗೋಪುರ ನೋಡಿ ನೋಡಿ ಅವರ ಕತ್ತು ನೋಯುತ್ತಿತ್ತು, ಆದ್ದರಿಂದ ಕೆಳಗಿನ ಆನೆಗಳನ್ನೇ ಒಂದೊಂದಾಗಿ ನೋಡುತ್ತ ಬಂದಿದ್ದರು. "ನೋಡು, ಇದು ಸೊಂಡಿಲು ಹೇಗೆ ಮಡಚಿದೆ. ಇದರ ಕಣ್ಣು ನೋಡು, ತುಂಟಂದು. ಒಂದರ ಹಾಗೆ ಇನ್ನೊಂದಿಲ್ಲ." ಆಮೇಲೆ ಇದ್ದಕ್ಕಿದ್ದಂತೆ ಸೊಂಟಕ್ಕೆ ಕೈಯಿಟ್ಟು ನಿಂತರು. "ನಲವತ್ತೇಳು ವರ್ಷ ಕಣೇ! ಬಂದೋರೆಲ್ಲ ಕಾಲು ತೊಳ್ಕೊಂಡು, ಕಾಫಿ ಕೇಳಿ, 'ಚೆನ್ನಾಗಿತ್ತು, ಬಿಸಿಲು ಜಾಸ್ತಿ' ಅಂತ ಇಷ್ಟೇ ಹೇಳಿದ್ರು. ಈ ಆನೆ ಸಾಲಿನ ವಿಷಯ ಒಬ್ಬರಾದ್ರೂ ಹೇಳಬಾರದಾ? ಇದನ್ನ ನೋಡಿ ಬಂದು ಬರೀ ಚೆನ್ನಾಗಿತ್ತು ಅಂತಾರಾ?"

ಪಕ್ಕದಲ್ಲಿದ್ದ ಪ್ರವಾಸಿಗಳು ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ. ಮೂವರೂ ಸೇರಿ ಇಡೀ ಗುಡಿ ಸುತ್ತಿದೆವು, ದೊಡ್ಡ ಬಸವಣ್ಣನ ಮುಂದೆ ಕೂತೆವು. ಹೊರಬಂದಾಗ ನಾಲ್ಕೂ ಕಾಲು. ಚಪಾತಿಯ ಪೊಟ್ಟಣ ನಾಯಿಯ ಪಾಲಾಗಿತ್ತು, ಡಬ್ಬಿಗಳು ಭದ್ರವಾಗಿದ್ದವು. ಮರದಡಿ ಕೂತು ಪುಳಿಯೋಗರೆ, ಮೊಸರನ್ನ ಮುಗಿಸಿದೆವು. ಬಸ್ಸಿಗೆ ಕಾಯುವಾಗ ಗಂಗಕ್ಕನೇ ಮಗನಿಗೆ ಫೋನು ಮಾಡಿದರು.

"ಬರೋದು ಏಳು ಗಂಟೆ ಆಗುತ್ತೆ ಕಣೋ. ನೆಂಟರಿಗೆ ಉಪ್ಪಿಟ್ಟು ಮಾಡಿಕೊಡು. ಹೌದು, ನೀನೇ. ರವೆ ಕೆಳಗಿನ ಸಾಲಿನ ಎರಡನೇ ಡಬ್ಬೀಲಿದೆ."

ಬಸ್ಸಿನಲ್ಲಿ ಮೂವರ ಸೀಟು ಸಿಕ್ಕಿತು. ಗಂಗಕ್ಕ ನಡುವೆ ಕೂತರು. ಜಾವಗಲ್ ದಾಟಿದ ಮೇಲೆ ನಾನು ಮೆಲ್ಲಗೆ ಕೇಳಿದೆ, "ನಾನು ಕೂತಿರ್ತೀನಿ ಅಂದಿದ್ದೆನಲ್ಲ ಗಂಗಕ್ಕ, ಅರ್ಧಕ್ಕೇ ಯಾಕೆ ಎದ್ದು ಬಂದ್ರಿ?"

ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು, "ಒಂದು ಕಡೆ ಗೋಡೆ ನೋಡಿದೆ. ಆಮೇಲೆ ಆಗಲಿಲ್ಲ. ಜೊತೇಲಿ ಬಂದೋರನ್ನ ಹೊರಗೆ ಕೂರಿಸಿ ನೋಡೋಕೆ ನನಗೆ ಬರಲ್ಲ ಸರೋಜಾ. ನಿಮಗೆ ಹೇಗೆ ಬಂತೋ ಕಾಣೆ."

ಅವರ ಕಾಲ ಬಳಿಯಿದ್ದ ಚೀಲಗಳನ್ನು ಎತ್ತಿ ನನ್ನ ಮಡಿಲಿಗೆ ಹಾಕಿಕೊಂಡೆ.