ಮೆಟ್ಟಿಲ ಕೆಳಗಿನ ಬೈಕು

ವಿಜಯನಗರದ ನಮ್ಮನೆ ಮೆಟ್ಟಿಲ ಕೆಳಗೆ ನನ್ನ ಹಳೇ ಬೈಕು ವರ್ಷಗಟ್ಟಲೆ ಕೆಟ್ಟು ನಿಂತಿತ್ತು. ರಿಪೇರಿ ಮಾಡಿಸಲಿಲ್ಲ, ಆದರೆ ಪ್ರತಿ ಆಯುಧಪೂಜೆಗೂ ಕುಂಕುಮ ಹಚ್ಚಿ, ಹಾರ ಹಾಕುತ್ತಿದ್ದೆ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಮೇಲೆ ಅದರ ಮೇಲೆ ಗಾಡಿ ಹತ್ತಬೇಕಲ್ಲ, ಹಿಂದಿನಿಂದ ತಳ್ಳುತ್ತಿದ್ದೆ.

ಮಹಡಿಗೆ ಬಾಡಿಗೆಗೆ ಬಂದ ಹಾವೇರಿಯ ಬಸವರಾಜ ಆ ಬೈಕು ಕೇಳಿದ. ಹೇಗೂ ಸ್ಟಾರ್ಟ್ ಆಗಲ್ಲ ಅನ್ನೋ ಧೈರ್ಯದಲ್ಲಿ ಕೊಟ್ಟುಬಿಟ್ಟೆ. ಮುಂದಿನ ಭಾನುವಾರ ಅದು ಒಂದೇ ಕಿಕ್‌ಗೆ ಗುಡುಗಿತು. ನನಗೆ ಹೊಟ್ಟೆ ಉರಿದುಹೋಯಿತು.

"ಏನಾಗಿತ್ತಪ್ಪ ಅದಕ್ಕೆ?" ಎಂದೆ, ಈಗಲಾದರೂ ಆಫ್ ಆಗಲಿ ಎಂದುಕೊಳ್ಳುತ್ತಾ.

"ಏನೂ ಆಗಿದ್ದಿಲ್ರೀ ಸರ. ಕಾರ್ಬೊರೇಟರ್ ಬಿಚ್ಚಿ ತೊಳದೆ. ಎಂಜಿನ್ ಮ್ಯಾಲಿನ ಕುಂಕುಮ ಕೆರಿಯೂದಕ್ಕ ಟೈಮ್ ಹಿಡೀತು ನೋಡ್ರಿ."

ಈ ಸಲದ ಆಯುಧಪೂಜೆಗೆ ನನ್ನ ಹೊಸ ಸ್ಕೂಟರಿಗೆಂದು ತಂದಿದ್ದ ದಪ್ಪ ಹಾರವನ್ನು ನನ್ನ ಹೆಂಡತಿ ತೆಗೆದು ಅವನ ಬೈಕಿಗೆ ಹಾಕಿದಳು.

"ಪಾಪ, ಅದಕ್ಕೆ ಅಭ್ಯಾಸ ಆಗಿದೆ ಕಣ್ರೀ."

ಬಸವರಾಜ ನಿಂಬೆಹಣ್ಣು ಇಟ್ಟು, ಗಾಡಿ ಹತ್ತಿ ಕೂತ. ಹಳೇ ಚಾಳಿ, ತಳ್ಳೋಕೆ ನನ್ನ ಎರಡೂ ಕೈ ಮುಂದೆ ಹೋದವು. ಅಷ್ಟರಲ್ಲಿ ಬೈಕು ಗೇಟು ದಾಟಿ ಆಗಿತ್ತು.