ಬಂದರಿನ ಅಟ್ಟದಲ್ಲಿ ಐದು ಹಸಿ ಕಾಯಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಬಲಗಿವಿ ಕೇಳಿಸುವುದಿಲ್ಲ. ಇದನ್ನು ಮುಚ್ಚಿಟ್ಟು ಹೇಳಿದರೆ ಆಮೇಲೆ "ಕಿವುಡಿ ಕೇಳಿಸಿಕೊಂಡ ಕಥೆ" ಎಂದು ನಗುತ್ತೀರಿ. ನಗುವುದಿದ್ದರೆ ಈಗಲೇ ನಕ್ಕು ಮುಗಿಸಿ. ನಡೆದದ್ದಕ್ಕೆ ನಾನು ಒಂದು ಮಾತೂ ಸೇರಿಸಿಲ್ಲ. ಸೇರಿಸುವ ಚಾಳಿ ಇದ್ದಿದ್ದರೆ ಇದಕ್ಕಿಂತ ನೆಮ್ಮದಿಯಾದ ಕೊನೆಯೊಂದನ್ನು ಸೇರಿಸಿಕೊಂಡು ನಿದ್ದೆ ಮಾಡುತ್ತಿದ್ದೆ.

ನಮ್ಮದು ತಿಪಟೂರಿನ ಹತ್ತಿರ ಬಿಳಿಗೆರೆ. ತೆಂಗಿನ ತೋಟ, ತೋಟದಲ್ಲಿ ಮನೆ, ಮನೆಯ ಪಕ್ಕ ಕೊಬ್ಬರಿ ಅಟ್ಟ. ನಮ್ಮ ಕಡೆ ಬಲಿತ ಕಾಯಿಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ತುಂಬುತ್ತೇವೆ. ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿದ್ದಿರುತ್ತದೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗ ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿದರೆ ಲೊಟಕ್ ಅನ್ನುತ್ತದೆ. ಹಸಿಯಿದ್ದರೆ ಗಳಕ್ ಅನ್ನುತ್ತದೆ. ಇವೆರಡರ ನಡುವೆ ಇನ್ನೊಂದು ಸದ್ದಿದೆ, ಚಮಚದಷ್ಟು ನೀರು ಉಳಿದಿರುವ ಸದ್ದು. ಅದನ್ನು ಹಿಡಿಯುವ ಕಿವಿ ಎಲ್ಲರಿಗೂ ಇರುವುದಿಲ್ಲ. ನಮ್ಮ ಮನೆಯಲ್ಲಿ ಮೂವತ್ತು ವರ್ಷ ಅದು ನನ್ನ ಬಲಗಿವಿಯಾಗಿತ್ತು.

ಹೋದ ವರ್ಷ ಜ್ವರ ಬಂದು ಆ ಕಿವಿ ಹೋಯಿತು. ಎಡಗಿವಿಯಲ್ಲೇ ನೋಡುತ್ತೇನೆಂದು ಹಟ ಹಿಡಿದು ಅಟ್ಟ ಹತ್ತಿದೆ. ಸುಲಿದು ಒಡೆದಾಗ ನಡುನಡುವೆ ಹಸಿ ಕಾಯಿ ಸಿಕ್ಕವು, ಕೊಬ್ಬರಿ ಕರಟಕ್ಕೆ ಅಂಟಿಕೊಂಡು ಚೂರುಚೂರಾಯಿತು. ಮಗ ಮಹೇಶ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ಸಾಕು ಬುಡವ್ವ, ಇನ್ನ ಅಟ್ಟದ ತಂಟೆ ನಿಂಗ್ಯಾಕೆ" ಎಂದು ಮೆತ್ತಗೆ ಹೇಳಿ ಏಣಿಯನ್ನು ಕೊಟ್ಟಿಗೆಗೆ ಸಾಗಿಸಿದ. ನಾನು ಮುಖ ಊದಿಸಿಕೊಂಡೇ ಓಡಾಡಿದೆ.

ನನ್ನ ಮುಖ ಸರಿಮಾಡಲೆಂದೇ ಇರಬೇಕು, ಮೂರು ದಿನ ಒಟ್ಟಿಗೆ ರಜೆ ಬಂದಾಗ ಎಲ್ಲರನ್ನೂ ಕಾರಿನಲ್ಲಿ ಮಂಗಳೂರಿಗೆ ಹೊರಡಿಸಿದ. ನಾನು, ನಮ್ಮ ಯಜಮಾನರು, ಮಹೇಶ, ಸೊಸೆ ರೇಖಾ. ಪಣಂಬೂರಿನಲ್ಲಿ ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಅಲೆಗೆ ಬೈಯುತ್ತಾ ನಿಂತಿದ್ದನ್ನು ನೋಡಿ ನಾನೂ ನಕ್ಕೆ. ಸುಲ್ತಾನ್ ಬತ್ತೇರಿಯ ಹಳೇ ಕಾವಲುಗೋಪುರದ ಹತ್ತಿರ ಯಾರೋ ಒಬ್ಬರು ಹಳೆಯ ಹಡಗುಗಳ ವಿಷಯ ಹೇಳುತ್ತಿದ್ದರು. ಅವರು ನನ್ನ ಬಲಕ್ಕೆ ನಿಂತಿದ್ದರಿಂದ ಒಂದಕ್ಷರವೂ ಕೇಳಿಸಲಿಲ್ಲ. ಮಹೇಶ ಬಂದು ಎಡಗಿವಿಗೆ ಬಾಯಿಟ್ಟು, ಮಗುವಿಗೆ ಹೇಳುವಂತೆ ಎಲ್ಲವನ್ನೂ ಕೂಗಿ ಹೇಳಿದ. ಸುತ್ತಲಿದ್ದವರು ತಿರುಗಿ ನೋಡಿದರು. ನಾನು ಸೆರಗು ಹೊದ್ದುಕೊಂಡು ಕಾರಿನ ಕಡೆ ನಡೆದೆ.

ರಾತ್ರಿ ಉಳಿದುಕೊಂಡದ್ದು ಹಳೇ ಬಂದರಿನ ಹತ್ತಿರ, ಹೆಂಚಿನ ಮನೆಯೊಂದರಲ್ಲಿ. ಹಿಂದೆ ಯಾವುದೋ ವ್ಯಾಪಾರಿಯ ಗೋದಾಮು, ಈಗ ಕೋಣೆ ಮಾಡಿ ಪ್ರವಾಸಿಗಳಿಗೆ ಕೊಡುತ್ತಾರೆ. ನೋಡಿಕೊಳ್ಳುವವರು ದೂಮಣ್ಣ ಅಂತ ವಯಸ್ಸಾದ ಮನುಷ್ಯ. ಒಣಮೀನಿನ ವಾಸನೆ, ಉಪ್ಪುಗಾಳಿ... ಅದರ ನಡುವೆ ಮೆಟ್ಟಿಲ ಹತ್ತಿರ ನನಗೆ ಗುರುತಿನ ವಾಸನೆಯೊಂದು ಬಂತು. ಹಳೇ ಕೊಬ್ಬರಿಯ ಕಮಟು.

"ಇಲ್ಲಿ ಕೊಬ್ಬರಿ ಇಟ್ಟಿದೀರೇನಪ್ಪ?" ಎಂದೆ.

"ನನ್ನ ಅಪ್ಪನ ಕಾಲದಲ್ಲಿ ಇತ್ತಂತೆ ಅಮ್ಮ. ಇಲ್ಲಿಂದಲೇ ಹಡಗಿಗೆ ಹೋಗ್ತಿತ್ತು" ಎಂದು ದೂಮಣ್ಣ ಮೇಲೆ ತೋರಿಸಿದರು. "ಈಗ ಆ ಅಟ್ಟಕ್ಕೆ ಬೀಗ ಉಂಟು. ಬೀಗದ ಕೈ ಎಲ್ಲಿ ಹೋಯ್ತೋ ದೇವರಿಗೇ ಗೊತ್ತು."

ನಾನೂ ಯಜಮಾನರೂ ಒಂದು ಕೋಣೆ, ಮಗ ಸೊಸೆ ಪಕ್ಕದ ಕೋಣೆ. ನಮ್ಮ ಮೇಲೆ ಮರದ ಹಲಗೆ, ಹಲಗೆಯ ಮೇಲೆ ಆ ಅಟ್ಟ. ನಾನು ಎಡಮಗ್ಗುಲಾಗಿ ಮಲಗಿದೆ. ಎಷ್ಟು ಹೊತ್ತಾಗಿತ್ತೋ ತಿಳಿಯದು, ಎಚ್ಚರವಾಯಿತು...

ಲೊಟಕ್. ಲೊಟಕ್.

ಆಮೇಲೆ ಢಬ್ ಎಂದು ಏನನ್ನೋ ಇಟ್ಟ ಸದ್ದು, ಬೀದಿ ಕಡೆಗೆ.

ಸ್ವಲ್ಪ ತಡೆದು ಮತ್ತೆ ಲೊಟಕ್, ಲೊಟಕ್... ಢಬ್.

ಮೇಲೆ ಯಾರೋ ಕಾಯಿ ಅಲುಗಿಸಿ ನೋಡುತ್ತಿದ್ದರು. ನೆನಪಿಡಿ, ಇದು ಕರಾವಳಿ. ಇಲ್ಲಿಯವರು ಕಾಯಿ ಒಡೆದು ಹೋಳು ಮಾಡಿ ಬಿಸಿಲಿಗೆ ಹಾಕುತ್ತಾರೆ. ಇಡೀ ಕಾಯಿಯನ್ನು ಕಿವಿಗೆ ಹಿಡಿದು ಅಲುಗಿಸುವುದು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರ ಕೆಲಸ.

ಯಜಮಾನರನ್ನು ಎಬ್ಬಿಸೋಣವೆಂದು ಕೈ ಚಾಚಿದೆ. ಅವರ ಎದೆ ಏರಿಳಿಯುತ್ತಿತ್ತು, ಬಾಯಿ ತೆರೆದಿತ್ತು. ಅವರ ಗೊರಕೆಗೆ ನಮ್ಮ ಕೊಟ್ಟಿಗೆಯ ಎಮ್ಮೆ ಬೆದರಿ ಎದ್ದದ್ದುಂಟು. ಆದರೆ ನನಗೆ ಗೊರಕೆ ಕೇಳಿಸುತ್ತಿರಲಿಲ್ಲ... ಯಾಕೆಂದರೆ ನನ್ನ ಒಳ್ಳೆಯ ಕಿವಿ ದಿಂಬಿನೊಳಗೆ ಹೂತಿತ್ತು.

ಕಾಯಿಯ ಸದ್ದು ಬರುತ್ತಿದ್ದದ್ದು ಸತ್ತ ಕಿವಿಯಲ್ಲಿ.

ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ. ಹಾಗೇ ಮಲಗಿದ್ದೆ. ಮೇಲೆ ಮತ್ತೊಂದು ಕಾಯಿ ಅಲುಗಿತು. ಈ ಸಲ ಗಳಕ್! ಅಪ್ಪಟ ಹಸಿ. ಢಬ್... ಅದನ್ನೂ ಬೀದಿ ಕಡೆಗೇ ಇಟ್ಟರು, ಒಣಗಿದ ಕಾಯಿಗಳ ಜೊತೆಗೆ.

ಇನ್ನೊಂದು. ಗಳಕ್. ಅದೂ ಅಲ್ಲಿಗೇ.

ಏನು ಹೇಳಲಿ? ದೆವ್ವವೋ ಭೂತವೋ, ಭಯ ಆಮೇಲೆ. ಮೊದಲು ನನಗೆ ಸಿಟ್ಟು ಬಂತು. ಅದೇ ತಪ್ಪಿಗೆ ಒಂದು ವರ್ಷದಿಂದ ಮನೆಯಲ್ಲಿ ತಲೆ ತಗ್ಗಿಸಿಕೊಂಡಿರುವವಳು ನಾನು. ಎದ್ದು ಕುಳಿತು ಗಟ್ಟಿಯಾಗಿಯೇ ಹೇಳಿದೆ:

"ಲೇ, ಯಾವನಪ್ಪ ನೀನು? ಅವೆರಡೂ ಹಸಿ ಕಣ್ಲಾ! ಗೋಡೆ ಕಡೆ ಇಡು!"

ಸದ್ದು ನಿಂತಿತು.

ಬಹಳ ಹೊತ್ತು ಏನೂ ಇಲ್ಲ... ಆಮೇಲೆ ಹಲಗೆಯ ಮೇಲೆ, ಸರಿಯಾಗಿ ನನ್ನ ತಲೆಯ ಮೇಲೆ, ಏನೋ ಉರುಳಿಕೊಂಡು ಹೋಯಿತು. ಬೀದಿ ಕಡೆಯಿಂದ ಗೋಡೆ ಕಡೆಗೆ. ಅದರ ಹಿಂದೆ ಇನ್ನೊಂದು.

ಬಾಗಿಲು ದಡದಡ ಬಡಿದ ಸದ್ದು. ರೇಖಾ. "ಅತ್ತೆ! ಯಾರ ಜೊತೆ ಮಾತಾಡ್ತಿದೀರಾ?" ಹಿಂದೆಯೇ ಮಹೇಶ. ಬಾಗಿಲು ತೆಗೆದು ವಿಷಯ ಹೇಳಿದೆ. ಇಬ್ಬರೂ ಮೇಲೆ ನೋಡುತ್ತಾ ನಿಂತರು. ಅವರಿಗೆ ಏನೂ ಕೇಳಿಸಲಿಲ್ಲ. ನನಗೆ ಕೇಳಿಸುತ್ತಲೇ ಇತ್ತು.

"ಡಾಕ್ಟ್ರು ಹೇಳಿರ್ಲಿಲ್ವೇನವ್ವ, ಕೆಟ್ಟ ಕಿವಿವೊಳ್ಗೆ ಏನೇನೋ ಸದ್ದು ಬತ್ತದೆ ಅಂತ" ಎಂದ ಮಹೇಶ. ಎದ್ದು ಕುಳಿತಿದ್ದ ಯಜಮಾನರು, "ಇವಳಿಗೆ ಎಲ್ಲೋದ್ರೂ ಅಟ್ಟದ್ದೇ ಧ್ಯಾನ ಕಣ್ಲಾ" ಎಂದು ಆಕಳಿಸಿದರು.

"ಆಯ್ತು" ಎಂದೆ. "ಬೆಳಿಗ್ಗೆ ಆ ಬೀಗ ಒಡೆಸು. ಅಟ್ಟ ಖಾಲಿಯಿದ್ರೆ ನಾನು ಹುಚ್ಚಿ. ಇನ್ನ ಯಾವತ್ತೂ ನಮ್ಮನೆ ಏಣಿ ಮುಟ್ಟಲ್ಲ. ಕಾಯಿ ಇದ್ರೆ... ಅಟ್ಟ ನಂದು. ಒಪ್ಕೋತೀಯಾ?"

"ಒಪ್ಕೊಂಡೆ, ಈಗ ಮಲಕ್ಕೊ" ಎಂದು ಹೋದ.

ಅವನು ಹೋದ ಮೇಲೂ ಸದ್ದು ನಿಲ್ಲಲಿಲ್ಲ. ಆದರೆ ಈಗ ಮೊದಲಿನಂತಲ್ಲ. ಅಲುಗಿಸುವುದು, ಆಮೇಲೆ ಕಾಯುವುದು. ನಾನು ಹೇಳುವವರೆಗೂ ಕೆಳಗಿಡುತ್ತಿರಲಿಲ್ಲ. ನಾನು ಪಿಸುದನಿಯಲ್ಲಿ "ಒಣಗಿದೆ" ಎಂದರೆ ಬೀದಿ ಕಡೆ ಢಬ್. "ಹಸಿ" ಎಂದರೆ ಗೋಡೆ ಕಡೆ. ನಡುವೆ ಒಮ್ಮೆ ಬೇಕೆಂದೇ ಬಾಯಿ ಮುಚ್ಚಿಕೊಂಡೆ. ಅದೇ ಕಾಯಿ ಅಲುಗುತ್ತಲೇ ಇತ್ತು... ಅಲುಗುತ್ತಲೇ ಇತ್ತು... ಒಂದೊಂದು ಸಲಕ್ಕೂ ಇನ್ನಷ್ಟು ಹತ್ತಿರದಿಂದ. ಕಮಟು ವಾಸನೆ ಮುಖದ ಮೇಲೇ ಬಂದಂತಾಯಿತು. ಹೇಳಿಬಿಟ್ಟೆ. ಬೆಳಕು ಹರಿಯುವ ತನಕ ಹೇಳುತ್ತಲೇ ಇದ್ದೆ.

ಬೆಳಿಗ್ಗೆ ದೂಮಣ್ಣ ಒಪ್ಪಲಿಲ್ಲ. "ಯಾಕೆ ಬೇಕು ಮಾರಾಯ್ರೆ" ಎಂದು ಗೊಣಗಿದರು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ, ಬೀಗ ಒಡೆಯದೆ ಏಳುವುದಿಲ್ಲ ಎಂದೆ. ಕೊನೆಗೆ ಅವರೇ ಸುತ್ತಿಗೆ ತಂದರು. ತುಕ್ಕು ಹಿಡಿದ ಬೀಗ ಏಳೆಂಟು ಏಟಿಗೆ ಕಳಚಿತು.

ಒಳಗೆ ಕಾಲಿಡುವ ಮೊದಲೇ ಮಹೇಶನಿಗೆ ಹೇಳಿದೆ. "ಬೀದಿ ಕಡೆ ಒಣಗಿದ್ದು, ಗೋಡೆ ಕಡೆ ಹಸಿ. ಹಸಿ ಐದೇ ಐದು. ಮರೀಬ್ಯಾಡ."

ನೆಲದ ಮೇಲೆ ದಪ್ಪ ಧೂಳು. ಒಂದು ಹೆಜ್ಜೆಯ ಗುರುತಿಲ್ಲ. ಬೀದಿ ಕಡೆ ಸಿಪ್ಪೆ ಸಮೇತ ಕಾಯಿಗಳ ರಾಶಿ. ಗೋಡೆ ಕಡೆ ಐದು ಕಾಯಿ, ಬೇರೆಯಾಗಿ.

ಮಹೇಶ ಅದರಲ್ಲೊಂದನ್ನು ತೆಗೆದು ಕಿವಿಯ ಹತ್ತಿರ ಅಲುಗಿಸಿದ. ಕೆಳಗಿಟ್ಟು ಇನ್ನೊಂದನ್ನು ಅಲುಗಿಸಿದ, ಮತ್ತೊಂದನ್ನು ಅಲುಗಿಸಿದ. ನೀರು. ಐದರಲ್ಲೂ ನೀರು. ಬೀಗ ಹಾಕಿ ದಶಕಗಳಾದ ಅಟ್ಟದಲ್ಲಿ, ಕಾಯಿಯೊಳಗೆ ನೀರು ಹೇಗೆ ಉಳಿಯಬೇಕು? ದೂಮಣ್ಣ ಏನೋ ಜಪಿಸುತ್ತಾ ಮೆಟ್ಟಿಲಿಳಿದರು. ರೇಖಾ ನನ್ನ ಸೆರಗು ಹಿಡಿದುಕೊಂಡಿದ್ದಳು. ಉಳಿದ ಊರು ನೋಡದೆ ಅವತ್ತೇ ಗಾಡಿ ತಿರುಗಿಸಿದೆವು.

ಮನೆಗೆ ಬಂದ ಮಾರನೇ ದಿನ ಮಹೇಶ ತಾನೇ ಏಣಿ ತಂದು ಅಟ್ಟಕ್ಕೆ ಆನಿಸಿದ. "ಹತ್ತವ್ವ" ಎಂದ, ಅಷ್ಟೇ. ನಾನು ತಲೆ ಎತ್ತಿಕೊಂಡು ಹತ್ತಿದೆ. ಈ ವರ್ಷದ ಅಟ್ಟದ ಕಾಯಿಯನ್ನೆಲ್ಲ ನಾನೇ ಬೇರೆ ಮಾಡಿಕೊಟ್ಟೆ. ಒಣಗಿದೆ ಎಂದು ಕೊಟ್ಟದ್ದನ್ನು ಒಡೆದಾಗ ಒಂದಾದರೂ ಹಸಿ ಇರಬೇಕಲ್ಲ? ಇಲ್ಲ. "ನಮ್ಮವ್ವನ ಕಿವಿ ಅಂದ್ರೆ ಕಿವಿ ಕಣ್ರೀ" ಎಂದು ಮಗ ಊರಿಗೆಲ್ಲ ಹೇಳಿಕೊಂಡು ಬಂದ. ಹೆಮ್ಮೆಯಾಯಿತು, ಸುಳ್ಳೇಕೆ.

ಅವನಿಗೆ ಹೇಳದ ಮಾತೊಂದಿದೆ. ನಾನು ನೋಡಿದ್ದು ಬಲಗಿವಿಯಲ್ಲಿ. ಆ ಕಿವಿಗೆ ಈಗಲೂ ಬಸ್ಸಿನ ಹಾರನ್ ಇಲ್ಲ, ಕೋಳಿ ಕೂಗಿಲ್ಲ. ಕಾಯಿ ಮಾತ್ರ ಕೇಳಿಸುತ್ತದೆ. ಅದೂ ನನ್ನ ಕೈಯಲ್ಲಿರುವ ಕಾಯಿ ಅಲುಗುವ ಮೊದಲೇ... ನಮ್ಮ ಅಟ್ಟದ ಕತ್ತಲ ಮೂಲೆಯಿಂದ.

ಕೊನೆಯ ಕಾಯಿಗೆ ನನಗೂ ಆ ಮೂಲೆಯವನಿಗೂ ಜಗಳವಾಯಿತು. ಮೂಲೆಯಿಂದ ಗಳಕ್ ಅಂದಿತು. ನಾನು ಕಾಯಿಯನ್ನು ಎಡಗಿವಿಗೆ ಹಿಡಿದು ಅಲುಗಿಸಿದೆ, ಲೊಟಕ್. "ಒಣಗಿದೆ" ಎಂದೆ. ಮತ್ತೆ ಗಳಕ್. "ಒಣಗಿದೆ ಅಂದ್ನಲ್ಲ! ಇದು ನಮ್ಮನೆ ಅಟ್ಟ ಕಣಪ್ಪ. ಇಲ್ಲಿ ಹೇಳೋಳು ನಾನು, ಕೇಳೋನು ನೀನು" ಎಂದು ಗದರಿದೆ. ಅದು ನಿಲ್ಲಿಸಲಿಲ್ಲ. ಕಾಯಿಯನ್ನು ಮಡಿಲಿಗೆ ಹಾಕಿಕೊಂಡು ಇಳಿದು ಬಂದೆ.

ಆ ಕಾಯಿ ಈಗ ನನ್ನ ಮಂಚದ ಪಕ್ಕದ ಗೂಡಿನಲ್ಲಿದೆ. ಒಣಗಿದ್ದರೆ ನಾನು ಗೆದ್ದೆ. ಹಸಿ ಇದ್ದರೆ ಈ ವರ್ಷ ನಮ್ಮ ಅಟ್ಟ ನೋಡಿದ್ದು ನಾನಲ್ಲ, ಅವನು. ಒಡೆದರೆ ಗೊತ್ತಾಗುತ್ತದೆ, ಒಡೆದೇ ಒಡೆಯುತ್ತೇನೆ, ನಾನೇನು ಹೆದರಿದವಳಲ್ಲ. ಕತ್ತಿಯನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಹದಿನೈದು ದಿನವಾಯಿತು.